ಹೊಟ್ಟೆಯ ಮೇಲೊಂದು ಸೀಸದ ಮರೆ

2022ರಲ್ಲಿ ನಾನು ಉಡುಪಿಯ ಸಮೀಪದ ಒಂದು ಕ್ಯಾನ್ಸರ್ ಆಸ್ಪತ್ರೆಯ ರೇಡಿಯೋಥೆರಪಿ ವಿಭಾಗದಲ್ಲಿ ಹಿರಿಯ ಮೆಡಿಕಲ್ ಫಿಸಿಸಿಸ್ಟ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಈ ಹುದ್ದೆಯ ಹೆಸರು ಕೇಳಿ ಕಡಿಯಾಳಿಯ ನಮ್ಮ ನೆರೆಕರೆಯವರು ಇವತ್ತಿಗೂ ನನ್ನಲ್ಲಿ ಜ್ವರಕ್ಕೆ ಮದ್ದು ಕೇಳುತ್ತಾರೆ. ನಾನು ವೈದ್ಯೆಯಲ್ಲ. ಗಡ್ಡೆಗೆ ಎಷ್ಟು ವಿಕಿರಣ ಬೇಕೆಂದು ವೈದ್ಯರು ಹೇಳುತ್ತಾರೆ. ಅಷ್ಟು ವಿಕಿರಣ ಅಲ್ಲಿಗೇ ತಲುಪಬೇಕು, ಬೇರೆಡೆಗೆ ಆದಷ್ಟು ಕಡಿಮೆ ಹೋಗಬೇಕು. ಅದಕ್ಕೆ ಬೇಕಾದ ಲೆಕ್ಕ, ಅಳತೆ, ಯಂತ್ರದ ತಪಾಸಣೆ ನನ್ನ ಕೆಲಸ. ರೋಗಿಗಳಿಗೆ ಹೆಚ್ಚಾಗಿ ನನ್ನ ಮುಖದ ಪರಿಚಯವೂ ಇರುವುದಿಲ್ಲ. ಮೂವತ್ತು ವರ್ಷ ಹಾಗೆಯೇ ಕಳೆದವಳಿಗೆ ಬಜಗೋಳಿಯ ಶರ್ಮಿಳಾ ಎಂಬ ಹೆಣ್ಣುಮಗಳ ಎದುರು ಕುಳಿತು ಉತ್ತರ ಹೇಳಬೇಕಾಗಿ ಬಂತು. ಆ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ನಮ್ಮ ಪ್ರಯೋಗಾಲಯದ ಬಗ್ಗೆ ಒಂದೆರಡು ಮಾತು. ವಿಭಾಗದ ಹಿಂಬದಿಯ ಒಂದು ಕೋಣೆಯನ್ನು ವಿಕಿರಣ ಅಳೆಯುವ ಸಂಶೋಧನೆಗಾಗಿ ಸಜ್ಜುಗೊಳಿಸಿದ್ದೆವು. ಅದಕ್ಕೆ ನೆರವು ಕೊಟ್ಟವರು ಕಾಪುವಿನ ಇಬ್ರಾಹಿಂ ಹಾಜಿ. ಶಾರ್ಜಾದಲ್ಲಿ ಬಟ್ಟೆ ವ್ಯಾಪಾರ ಮಾಡಿ ಊರಿಗೆ ಮರಳಿದವರು. ಅವರ ಪತ್ನಿಗೆ ಕ್ಯಾನ್ಸರ್ ಆದಾಗ ಬೇಕಾದ ಯಂತ್ರ ನಮ್ಮ ಕರಾವಳಿಯಲ್ಲೇ ಇತ್ತು. ಆದರೆ ಆ ಚಿಕಿತ್ಸೆಯನ್ನು ಕೊಡಲು ಕಲಿತವರು ಇರಲಿಲ್ಲ. ಮುಂಬೈಗೆ ಹೋದರು, ಆಕೆ ಅಲ್ಲಿಯೇ ತೀರಿಹೋದರು. ಮೊದಲ ಸಲ ನಮ್ಮಲ್ಲಿಗೆ ಬಂದಾಗ ಹಾಜಿಯವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

“ಯಂತ್ರ ಕೊಡುವವರು ತುಂಬಾ ಜನ ಉಂಟು ಮೇಡಂ. ಯಂತ್ರದ ಮೇಲೆ ಹೆಸರು ಬರೆಸಲಿಕ್ಕೆ ಆಗ್ತದೆ. ಕಲಿಸುವುದಕ್ಕೆ ಯಾರು ಕೊಡ್ತಾರೆ?”

ಪತ್ನಿಯ ನೆನಪಿನ ಟ್ರಸ್ಟ್‌ನಿಂದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿಗೆ ಫೆಲೋಶಿಪ್, ತಂತ್ರಜ್ಞರಿಗೆ ತರಬೇತಿ, ಅಳತೆಯ ಉಪಕರಣಗಳು ಬಂದವು. ಷರತ್ತು ಒಂದೇ ಇತ್ತು: ಈ ಹಣ ಸಂಶೋಧನೆಗೆ ಮತ್ತು ಶಿಕ್ಷಣಕ್ಕೆ ಮಾತ್ರ, ಯಾವ ಒಬ್ಬ ರೋಗಿಯ ಚಿಕಿತ್ಸೆಗೂ ಅಲ್ಲ. ಟ್ರಸ್ಟ್ ಆದ ಹೊಸತರಲ್ಲಿ ಅವರ ಮನೆಯ ಗೇಟಿನ ಮುಂದೆ ಬೆಳಗಾದರೆ ಜನ ನಿಲ್ಲುತ್ತಿದ್ದರಂತೆ. ಯಾರಿಗೆ ಕೊಡುವುದು, ಯಾರನ್ನು ಬಿಡುವುದು ಎಂದು ಮನೆಯೊಳಗೇ ಜಗಳವಾದ ಮೇಲೆ ಅವರು ಈ ಗೆರೆ ಎಳೆದಿದ್ದರು.

ಶರ್ಮಿಳಾ ಕಾರ್ಕಳ ಬಳಿಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದವಳು. ಗಂಡ ನವೀನ್ ಕಾರ್ಕಳ–ಉಡುಪಿ ಖಾಸಗಿ ಬಸ್ಸಿನ ಡ್ರೈವರ್. ಮದುವೆಯಾಗಿ ಆರು ವರ್ಷಗಳ ಮೇಲೆ, ಎರಡು ಬಾರಿ ಗರ್ಭ ಹೋದ ಮೇಲೆ, ಆಕೆ ಮತ್ತೆ ಬಸುರಿಯಾಗಿದ್ದಳು. ನಾಲ್ಕನೇ ತಿಂಗಳಲ್ಲಿ ಕೆಲಸದ ನಡುವೆಯೇ ಫಿಟ್ಸ್ ಬಂದು ಬಿದ್ದಳು. ಎಂ.ಆರ್.ಐ. ಮಾಡಿದಾಗ ಮೆದುಳಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದಾದಷ್ಟನ್ನು ತೆಗೆದರು. ಕೈಕಾಲಿನ ಶಕ್ತಿ ಹೋಗಬಾರದೆಂದು ಒಂದು ಭಾಗವನ್ನು ಬಿಡಬೇಕಾಯಿತು. ವರದಿ ಬಂದಾಗ ಅದು ವೇಗವಾಗಿ ಬೆಳೆಯುವ ಜಾತಿಯದ್ದೆಂದು ತಿಳಿಯಿತು. ಕೆಲವು ವಾರಗಳ ನಂತರದ ಸ್ಕ್ಯಾನ್‌ನಲ್ಲಿ ಬಿಟ್ಟ ಭಾಗ ಆಗಲೇ ದೊಡ್ಡದಾಗಿತ್ತು.

ನಮ್ಮ ರೇಡಿಯೇಶನ್ ಆಂಕಾಲಜಿಸ್ಟ್ ಡಾ. ಕಾಮತ್ ನನ್ನನ್ನು ಕರೆದು ಎರಡು ಸ್ಕ್ಯಾನ್‌ಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಹೆರಿಗೆಯವರೆಗೆ ಕಾಯುವ ಹಾಗಿಲ್ಲ ಎಂದು ಹೇಳುವ ಅಗತ್ಯವೇ ಇರಲಿಲ್ಲ. ಗರ್ಭವನ್ನು ತೆಗೆಸಿ ಚಿಕಿತ್ಸೆ ಕೊಡಬಹುದು. ಅಥವಾ ಗರ್ಭ ಇರುವಂತೆಯೇ ತಲೆಗೆ ರೇಡಿಯೇಶನ್ ಕೊಡಬಹುದು. ತೆಗೆಸುವುದಾದರೆ ಬೇಗ ಆಗಬೇಕು, ಆಮೇಲೆ ತಾಯಿಗೇ ಅಪಾಯ ಹೆಚ್ಚು ಎಂದು ಪ್ರಸೂತಿ ತಜ್ಞೆ ಹೇಳಿದ್ದರು. ಮುಂದಿನ ವಾರ ಎಲ್ಲ ವೈದ್ಯರೂ ಸೇರಿ ದಂಪತಿಯೊಂದಿಗೆ ಕುಳಿತುಕೊಳ್ಳುವುದೆಂದು ನಿಶ್ಚಯವಾಯಿತು.

“ಆ ದಿನ ಅವಳು ಒಂದೇ ಪ್ರಶ್ನೆ ಕೇಳ್ತಾಳೆ,” ಎಂದರು ಡಾ. ಕಾಮತ್. “ಮಗುವಿಗೆ ಎಷ್ಟು ಹೋಗ್ತದೆ ಅಂತ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಉಂಟಾ?”

ಇರಲಿಲ್ಲ. ತಲೆಗೆ ಕೊಟ್ಟ ವಿಕಿರಣ ತಲೆಯಲ್ಲಿಯೇ ನಿಲ್ಲುವುದಿಲ್ಲ. ಯಂತ್ರದ ತಲೆಯಿಂದ ಸ್ವಲ್ಪ ಸೋರುತ್ತದೆ, ಅದರ ಲೋಹದ ಭಾಗಗಳಿಗೆ ತಾಗಿ ಸ್ವಲ್ಪ ಚದುರುತ್ತದೆ, ದೇಹದೊಳಗಿನಿಂದಲೇ ಸ್ವಲ್ಪ ಕೆಳಗಿಳಿಯುತ್ತದೆ. ಹೊಟ್ಟೆಯ ಮಗುವಿಗೆ ನೂರು ಮಿಲಿಗ್ರೇ ಎಂಬುದು ನಮ್ಮ ವೃತ್ತಿಯಲ್ಲಿ ಎಚ್ಚರಿಕೆಯ ಗೆರೆ. ದೇಹ ಹೀರಿಕೊಂಡ ವಿಕಿರಣವನ್ನು ಮಿಲಿಗ್ರೇಯಲ್ಲಿ ಅಳೆಯುತ್ತೇವೆ. ಅದಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಗುವಿನ ಅಂಗಾಂಗ, ಬುದ್ಧಿ ಕೆಡುವ ಭಯ ಬಹುತೇಕ ಇಲ್ಲ. ಆದರೆ ಮುಂದೆಂದೋ ಆ ಮಗುವಿಗೆ ಕ್ಯಾನ್ಸರ್ ಬರುವ ಸಾಧ್ಯತೆ ತುಸು ಹೆಚ್ಚಬಹುದು. ಎಷ್ಟೆಂದು ಯಾರೂ ಬೆರಳಿಟ್ಟು ತೋರಿಸಲಾರರು. ಅದಲ್ಲದೆ ತಿಂಗಳು ತುಂಬಿದಂತೆ ಗರ್ಭಕೋಶ ಮೇಲೇರುತ್ತದೆ, ಮಗು ತಲೆಯ ಕಡೆಗೆ, ಅಂದರೆ ವಿಕಿರಣದ ಕಡೆಗೆ, ಹತ್ತಿರವಾಗುತ್ತ ಹೋಗುತ್ತದೆ. ಇದನ್ನು ಕಂಪ್ಯೂಟರಿನ ಲೆಕ್ಕ ನಂಬಿ ಹೇಳುವಂತಿಲ್ಲ. ಅಳೆಯಲೇಬೇಕು. ಹೊಟ್ಟೆಯ ಮೇಲೆ ಸೀಸದ ದಪ್ಪ ಮರೆ ನಿಲ್ಲಿಸಿದರೆ ಹೊರಗಿನಿಂದ ಬರುವ ಪಾಲನ್ನು ಬಹಳಷ್ಟು ತಡೆಯಬಹುದು. ಅಂಥ ಮರೆ ನಮ್ಮಲ್ಲಿರಲಿಲ್ಲ. ಹಿಂದೆ ಇಂಥದೇ ಸ್ಥಿತಿಯಲ್ಲಿ ಬಂದ ಇಬ್ಬರನ್ನು ದೂರದ ಊರಿಗೆ ಹೋಗಿ ಎಂದು ಕಳಿಸಿದ್ದೆವು. ಒಬ್ಬಾಕೆ ಹೋಗಲಿಲ್ಲ. ಹೆರಿಗೆ ಮುಗಿಸಿ ನಮ್ಮಲ್ಲಿಗೇ ಮರಳಿ ಬಂದಳು. ಅಷ್ಟರಲ್ಲಿ ನಮಗೆ ಮಾಡಲು ಏನೂ ಉಳಿದಿರಲಿಲ್ಲ.

ಆಸ್ಪತ್ರೆಯ ಆಡಳಿತ ಕಚೇರಿಯಲ್ಲಿ ಕೇಳಿದೆ. ಬಡ ರೋಗಿಗಳ ನಿಧಿ ಚಿಕಿತ್ಸೆಯ ಬಿಲ್ಲಿಗೆ ಮಾತ್ರ, ಉಪಕರಣಕ್ಕೆ ಬಳಸುವಂತಿಲ್ಲ ಎಂದರು. ಉಪಕರಣದ ಖರೀದಿಗೆ ಕೊಟೇಶನ್, ಸಮಿತಿ, ಮಂಜೂರಾತಿ ಎಲ್ಲ ಆಗಬೇಕು. ಅವರು ಹೇಳಿದ್ದು ನಿಯಮದಂತೆ ಸರಿಯೇ ಇತ್ತು. ಆದರೆ ಅಷ್ಟು ಸಮಯ ಶರ್ಮಿಳಾಳ ಬಳಿ ಇರಲಿಲ್ಲ. ಉಳಿದದ್ದು ಹಾಜಿಯವರು ಮಾತ್ರ.

ಮರುದಿನ ಕಾಪುವಿಗೆ ಹೊರಟೆ. ನನ್ನೊಂದಿಗೆ ರೆನಿಟಾ ಡಿಸೋಜ ಬಂದಳು. ಹಾಜಿಯವರ ಫೆಲೋಶಿಪ್‌ನಲ್ಲಿ ಪಿ.ಎಚ್‌ಡಿ. ಮಾಡುತ್ತಿದ್ದ ವಿದ್ಯಾರ್ಥಿನಿ; ಮಾತು ಕಡಿಮೆ, ಹಠ ಜಾಸ್ತಿ. ಕಾಪು ಪೇಟೆಯಿಂದ ಕಡಲ ಕಡೆಗೆ ಹೋಗುವ ರಸ್ತೆಯಲ್ಲಿ ಹಾಜಿಯವರ ಮನೆ. ಹಾಲು ಹಾಕದ ಸುಲೈಮಾನಿ ಚಹಾ ತರಿಸಿ, ನಾನು ಹೇಳಿದ್ದನ್ನೆಲ್ಲ ನಡುವೆ ಮಾತಾಡದೆ ಕೇಳಿದರು. ಕೊನೆಗೆ ಲೋಟ ಕೆಳಗಿಟ್ಟರು.

“ಆಗುವುದಿಲ್ಲ ಮೇಡಂ.”

ಕಾರಣವನ್ನೂ ಅವರೇ ಹೇಳಿದರು.

“ಹೆಜಮಾಡಿಯಲ್ಲಿ ನನ್ನ ಅಕ್ಕ ಇದ್ದಾಳೆ. ಹೋದ ವರ್ಷ ಅವಳ ಮೊಮ್ಮಗನಿಗೆ ರಕ್ತದ ಕ್ಯಾನ್ಸರ್. ಟ್ರಸ್ಟ್‌ನಿಂದ ಕೊಡು ಅಂದಳು. ನನ್ನ ಕಿಸೆಯಿಂದ ಆದಷ್ಟು ಕೊಟ್ಟೆ, ಟ್ರಸ್ಟ್‌ನಿಂದ ಇಲ್ಲ ಅಂದೆ. ಅವತ್ತಿನಿಂದ ಅವಳು ನನ್ನ ಹತ್ತಿರ ಮಾತಾಡುವುದಿಲ್ಲ. ಈಗ ಬಜಗೋಳಿಯ ಯಾರೋ ಹುಡುಗಿಗೆ ಕೊಟ್ಟರೆ ನಾನು ಅಕ್ಕನಿಗೆ ಎಂತ ಹೇಳುವುದು?”

ಆ ನಿಯಮದಿಂದಲೇ ನಮ್ಮ ಪ್ರಯೋಗಾಲಯ ಉಳಿದಿದೆ ಎಂದು ನನಗೆ ಗೊತ್ತಿತ್ತು. ಎದ್ದು ಕೈಮುಗಿಯಬೇಕು ಎನ್ನುವಷ್ಟರಲ್ಲಿ ರೆನಿಟಾ ಬಾಯಿ ತೆರೆದಳು.

“ಹಾಜಿಯವರೇ, ನನ್ನ ಸಂಶೋಧನೆಯ ವಿಷಯವನ್ನು ಇದಕ್ಕೇ ಬದಲಾಯಿಸ್ತೇನೆ. ಆಗ ಇದು ಸಂಶೋಧನೆ ಆಗ್ತದಲ್ಲ?”

ಹಾಜಿಯವರ ಮುಖ ಗಟ್ಟಿಯಾಯಿತು. “ಬೋರ್ಡು ಬದಲಾಯಿಸಿದರೆ ಅಂಗಡಿ ಬದಲಾಗ್ತದಾ ಮಗಾ? ನಾನು ವ್ಯಾಪಾರ ಮಾಡಿದವ. ಸರಿ, ಒಂದು ಹೇಳು. ನೀನು ಇದನ್ನೆಲ್ಲ ಕಟ್ಟಿ ಮುಗಿಸುವಾಗ ಆ ಹುಡುಗಿ ಬೇಡ ಅಂದಳು ಅಂತ ಇಟ್ಟುಕೋ. ಆಗ ಎಂತ ಮಾಡ್ತಿ?”

ರೆನಿಟಾಳ ಹಳೆಯ ವಿಷಯದಲ್ಲಿ ಅರ್ಧದಷ್ಟು ಕೆಲಸ ಆಗಲೇ ಮುಗಿದಿತ್ತು. ಅದನ್ನು ಬಿಡುವುದೆಂದರೇನು ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

“ಬೇಡ ಅಂದರೂ ಕಟ್ತೇನೆ,” ಎಂದಳು. “ಅಳತೆ ಮಾಡ್ತೇನೆ, ಬರೀತೇನೆ. ಇನ್ನೊಬ್ಬಳು ಬಂದೇ ಬರ್ತಾಳೆ. ಅವಳನ್ನು ನಾವು ವಾಪಸು ಕಳಿಸಬಾರದು.”

ಹಾಜಿಯವರು ನನ್ನ ಕಡೆ ತಿರುಗಿದರು. ನಾನೂ ಮಾತು ಸೇರಿಸಿದೆ: ಮರೆಯ ನಕ್ಷೆಯನ್ನು ಕೇಳಿದ ಆಸ್ಪತ್ರೆಗೆಲ್ಲ ಪುಕ್ಕಟೆ ಕೊಡುತ್ತೇವೆ, ತಂತ್ರಜ್ಞರ ತರಬೇತಿಯಲ್ಲಿ ಇದನ್ನು ಪಾಠವಾಗಿ ಸೇರಿಸುತ್ತೇವೆ, ಶರ್ಮಿಳಾಳ ಚಿಕಿತ್ಸೆಯ ಬಿಲ್ಲಿಗೂ ಟ್ರಸ್ಟ್‌ಗೂ ಸಂಬಂಧ ಇರುವುದಿಲ್ಲ. ಅವರು ಕೆಳಗಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು.

“ಹಾಗಾದರೆ ಮಾಡಿ. ಆದರೆ ಇದನ್ನು ನಿನಗಾಗಿ ಕಟ್ಟಿದ್ದು ಅಂತ ಅವಳಿಗೆ ಹೇಳಬೇಡಿ. ಹೇಳಿದರೆ ಪಾಪ, ಬೇಡ ಅನ್ನಲಿಕ್ಕೆ ಅವಳಿಗೆ ಬಾಯಿ ಬರಲಿಕ್ಕಿಲ್ಲ.”

ರೆನಿಟಾಳ ಸಂಶೋಧನೆಯ ಮಾರ್ಗದರ್ಶಕರೂ ಆಸ್ಪತ್ರೆಯ ನೈತಿಕ ಸಮಿತಿಯೂ ತುರ್ತಾಗಿ ಒಪ್ಪಿಗೆ ಕೊಟ್ಟರು. ಅದರ ಮರುದಿನವೇ ನಾವು ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ಸದಾನಂದ ಆಚಾರ್ಯರ ವರ್ಕ್‌ಶಾಪಿನಲ್ಲಿದ್ದೆವು. ಗೇಟು, ಶೀಟಿನ ಮಾಡು, ಮೀನಿನ ಲಾರಿಯ ಬಾಡಿ ಮಾಡುವ ಜಾಗ ಅದು. ರೋಗಿಯ ಮಂಚದ ಮೇಲೆ ಸೇತುವೆಯಂತೆ ನಿಲ್ಲುವ ಕಬ್ಬಿಣದ ಚೌಕಟ್ಟು, ಅದರ ಮೇಲೆ ಸೀಸದ ಇಟ್ಟಿಗೆಗಳು, ಎಲ್ಲ ಸೇರಿ ಮೂವರು ಮನುಷ್ಯರ ಭಾರ. ಅದು ಹೊಟ್ಟೆಯಿಂದ ಗೇಣು ಮೇಲಿರಬೇಕು. ಮಂಚದ ಪಕ್ಕದಿಂದ ತಳ್ಳಿ ತರಲು ಸುಲಭವಾಗಲೆಂದು ಒಂದೇ ಬದಿಯಲ್ಲಿ ಕಾಲುಗಳಿರುವ ನಕ್ಷೆಯನ್ನು ನಾನೇ ಬರೆದಿದ್ದೆ.

ಆಚಾರ್ಯರು ಹಗಲಿಡೀ ಕೂತು ಅದನ್ನು ಮುಗಿಸಿದರು. ಪರೀಕ್ಷೆಗೆಂದು ಸೀಸದ ಬದಲು ಮರಳಿನ ಚೀಲ ಪೇರಿಸಿದೆವು. ಬೇಕಾದ ಭಾರ ಬಂತು, ಚೌಕಟ್ಟು ನಿಂತಿತು. ಇನ್ನೂ ಅರ್ಧದಷ್ಟು ಹೆಚ್ಚು ಹೇರಿ ನೋಡುವುದೆಂದು ಮೊದಲೇ ತೀರ್ಮಾನಿಸಿದ್ದೆವು. ಚೀಲಗಳು ಮೇಲೇರುತ್ತಿದ್ದಂತೆ ಕಬ್ಬಿಣ ಒಮ್ಮೆ ಸಣ್ಣಗೆ ಕಿರುಗುಟ್ಟಿತು. ಆಚಾರ್ಯರು “ಹಿಂದೆ ಹೋಗಿ, ಹಿಂದೆ ಹೋಗಿ!” ಎಂದು ಕೂಗಿದರು. ಮೂಲೆಯ ಬೆಸುಗೆ ಬಿಟ್ಟು ಇಡೀ ಭಾರ ನೆಲಕ್ಕೆ ಅಪ್ಪಳಿಸಿತು. ಮರಳಿನ ಧೂಳು ಇಳಿದ ಮೇಲೆ ಹತ್ತಿರ ಹೋಗಿ ನೋಡಿದೆವು. ಚೌಕಟ್ಟಿನ ಕೆಳಗೆ ಅಳತೆಗೆಂದು ಇಟ್ಟಿದ್ದ ಪ್ಲೈವುಡ್ ಹಲಗೆ ಎರಡು ತುಂಡಾಗಿತ್ತು. ಆ ಹಲಗೆಯ ಜಾಗದಲ್ಲಿ ಯಾರು ಮಲಗಬೇಕಿತ್ತು ಎಂಬುದು ನಮ್ಮೆಲ್ಲರ ತಲೆಯಲ್ಲೂ ಇತ್ತು.

ಸಭೆಗೆ ಇನ್ನು ನಾಲ್ಕೈದು ದಿನ. ಆಚಾರ್ಯರು ಮುರಿದ ಮೂಲೆಯನ್ನು ತಿರುಗಿಸಿ ನೋಡಿ, “ಒಂದೇ ಬದಿ ಕಾಲು ಬೇಡ ಮೇಡಂ. ಎರಡೂ ಬದಿ ಕೊಡುವ. ಅಗಲ ಆಗ್ತದೆ, ತೊಂದರೆ ಇಲ್ಲ. ರೋಗಿಯ ಪಾದದ ಕಡೆಯಿಂದ ತಳ್ಳಿಕೊಂಡು ಬನ್ನಿ, ಅದೇ ದಾರಿಯಲ್ಲಿ ಎಳೆದುಕೊಂಡು ಹೋಗಿ,” ಎಂದರು. ಚಕ್ರಕ್ಕೆ ಕಾಲಿನಲ್ಲೇ ಹಾಕಿ ತೆಗೆಯುವ ಬ್ರೇಕ್ ಇರಲಿ ಎಂದು ನಾನು ಸೇರಿಸಿದೆ. ಎರಡನೆಯ ಚೌಕಟ್ಟು ದುಪ್ಪಟ್ಟು ಭಾರ ಹೊತ್ತು ಇಡೀ ರಾತ್ರಿ ವರ್ಕ್‌ಶಾಪಿನಲ್ಲಿ ನಿಂತಿತ್ತು. ಬೆಳಿಗ್ಗೆ ನೋಡಿದರೆ ಕೂದಲೆಳೆಯಷ್ಟೂ ಬಾಗಿರಲಿಲ್ಲ.

ಆಸ್ಪತ್ರೆಗೆ ತಂದು ಸೀಸ ತುಂಬಿದ ಮೇಲೆ ಅದರ ಕೆಳಗೆ ಮೊದಲು ಮಲಗಿದವಳು ನಾನು. ರೆನಿಟಾ ತಾನು ಮಲಗುತ್ತೇನೆಂದು ವಾದಿಸಿದಳು, ಒಪ್ಪಲಿಲ್ಲ. ಲೆಕ್ಕ ನನ್ನದು, ಸಹಿ ನನ್ನದು. ಮಲಗಿ ಕಣ್ಣು ತೆರೆದಾಗ ಹೊಟ್ಟೆಯ ಮೇಲೆ ಆ ಕಪ್ಪು ಭಾರ ಕಂಡಿತು. ಎಲ್ಲ ಲೆಕ್ಕವೂ ಗೊತ್ತಿದ್ದ ನನಗೇ ಉಸಿರು ಕಟ್ಟಿದ ಹಾಗಾಯಿತು. ಏನೂ ಗೊತ್ತಿಲ್ಲದೆ, ತಲೆ ಅಲುಗದಂತೆ ಮುಖಕ್ಕೆ ಬಿಗಿಯಾದ ಮುಖವಾಡ ಹಾಕಿಸಿಕೊಂಡು, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಮಲಗುವವಳಿಗೆ ಹೇಗಾಗಬೇಡ?

ಇನ್ನು ಅಳತೆ. ಪ್ರಯೋಗಾಲಯದಲ್ಲಿ ಫ್ಯಾಂಟಮ್ ಇತ್ತು, ಅಂದರೆ ಮನುಷ್ಯದೇಹದಂತೆಯೇ ವಿಕಿರಣ ಹೀರುವ ವಸ್ತುವಿನಿಂದ ಮಾಡಿದ ಗೊಂಬೆ. ಅದಕ್ಕೆ ರೆನಿಟಾ ಮೇಣದ ಹೊಟ್ಟೆ ಮಾಡಿ ಕೂರಿಸಿದಳು. ಗರ್ಭಕೋಶದ ಮೇಲ್ಭಾಗ, ಹೊಕ್ಕುಳ, ಕೆಳಭಾಗ ಎಂದು ಮೂರು ಕಡೆ ವಿಕಿರಣ ಅಳೆಯುವ ಅಕ್ಕಿಕಾಳಿನಂಥ ಹರಳುಗಳನ್ನಿಟ್ಟೆವು. ಶರ್ಮಿಳಾಳಿಗೆ ಕೊಡಬೇಕಾದ ಚಿಕಿತ್ಸೆಯನ್ನೇ ಗೊಂಬೆಗೆ ಕೊಟ್ಟೆವು. ಮೊದಲು ಮರೆಯಿಲ್ಲದೆ, ಆಮೇಲೆ ಮರೆಯಿಟ್ಟು, ಆಮೇಲೆ ತಿಂಗಳು ತುಂಬಿದಂತೆ ಹೊಟ್ಟೆಯನ್ನು ಮೇಲೇರಿಸಿ. ಅವಳು ಅಳೆದದ್ದನ್ನು ನಾನು ನೋಡದೆ ಪ್ರತ್ಯೇಕವಾಗಿ ಅಳೆದೆ. ಇಬ್ಬರ ಉತ್ತರವೂ ತಾಳೆಯಾಯಿತು. ಮರೆಯಿಲ್ಲದೆ ಕೊಟ್ಟರೆ ಇಡೀ ಚಿಕಿತ್ಸೆಯಲ್ಲಿ ಮಗುವಿಗೆ ಹೋಗುವ ಪಾಲು ಗೆರೆಯೊಳಗೇ ಇತ್ತು, ಆದರೆ ನೆಮ್ಮದಿಯಿಂದ ನಿದ್ದೆ ಮಾಡುವಷ್ಟು ದೂರದಲ್ಲಿರಲಿಲ್ಲ. ಮರೆಯಿಟ್ಟಾಗ ಅದು ಅರ್ಧಕ್ಕಿಂತ ಕೆಳಗಿಳಿಯಿತು.

ಸಭೆಯ ದಿನ ಶರ್ಮಿಳಾ ತಲೆಗೆ ಹತ್ತಿಬಟ್ಟೆಯ ಸ್ಕಾರ್ಫ್ ಕಟ್ಟಿಕೊಂಡು ಬಂದಿದ್ದಳು. ವೈದ್ಯರೆಲ್ಲ ತಮ್ಮ ತಮ್ಮ ಮಾತು ಹೇಳಿ ಮುಗಿಸಿದ ಮೇಲೆ ಆಕೆ ತುಳುವಿನಲ್ಲಿ ನನ್ನನ್ನು ಕೇಳಿದಳು. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಳೆದವರು ನೀವಂತೆ ಅಲ್ವಾ ಮೇಡಂ? ಮಗುವಿಗೆ ಎಷ್ಟು ಹೋಗ್ತದೆ?”

ಅಳತೆ ಹೇಳಿದೆ, ಗೆರೆ ಎಲ್ಲಿದೆ ಎಂದೂ ಹೇಳಿದೆ. ಆಕೆ ತಲೆಯಾಡಿಸಿದಳು.

“ಸೊನ್ನೆ ಅಂತ ಹೇಳಿ. ಒಮ್ಮೆ ಹೇಳಿ ಮೇಡಂ, ನನಗೆ ಧೈರ್ಯ ಆಗ್ತದೆ.”

ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೇಳಿಬಿಡುವುದು ಸುಲಭವಿತ್ತು. ಅಷ್ಟು ಚಿಕ್ಕ ಅಂಕೆಯನ್ನು ಸೊನ್ನೆ ಎಂದರೆ ಯಾರೂ ನನ್ನನ್ನು ದೂರುತ್ತಿರಲಿಲ್ಲ.

“ಸೊನ್ನೆ ಅಲ್ಲಮ್ಮ,” ಎಂದೆ. “ತುಂಬಾ ಕಡಿಮೆ. ಆದರೆ ಸೊನ್ನೆ ಅಲ್ಲ. ಮುಂದೆ ಎಂದಾದರೂ ಏನಾದರೂ ಆಗುವ ಸಣ್ಣ ಸಾಧ್ಯತೆ ಉಂಟು. ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗ್ತದೆ.”

ಆಕೆಯ ಕಣ್ಣು ತುಂಬಿತು. ಪಕ್ಕದಲ್ಲಿದ್ದ ನವೀನ್ ತಡೆಯಲಾರದೆ ಎದ್ದುನಿಂತ. “ನನಗೆ ಇವಳು ಬೇಕು ಮೇಡಂ. ಮಗುವನ್ನು ಆಮೇಲೆ ನೋಡುವ. ತೆಗೆಸಿಬಿಡಿ, ಇವಳಿಗೆ ಬೇಗ ಟ್ರೀಟ್‌ಮೆಂಟ್ ಸುರು ಮಾಡಿ. ಇವಳು ಹೋದರೆ ನಾನು ಎಂತ ಮಾಡುದು?”

ಗರ್ಭ ಇದ್ದರೂ ಇಲ್ಲದಿದ್ದರೂ ತಲೆಗೆ ಕೊಡುವ ಚಿಕಿತ್ಸೆ ಒಂದೇ, ಅದರಲ್ಲಿ ಕಡಿಮೆ ಮಾಡುವುದಿಲ್ಲ, ಗರ್ಭ ಉಳಿಸಿಕೊಂಡರೆ ಜೊತೆಗೆ ಕೊಡುವ ಕೀಮೋಥೆರಪಿಯ ಮಾತ್ರೆ ಮಾತ್ರ ಹೆರಿಗೆಯ ನಂತರಕ್ಕೆ ಹೋಗುತ್ತದೆ ಎಂದು ಡಾ. ಕಾಮತ್ ವಿವರಿಸಿದರು. ಇಬ್ಬರಿಗೂ ಮರುದಿನದವರೆಗೆ ಸಮಯ ಕೊಟ್ಟೆವು. ಗರ್ಭ ಉಳಿಸುವುದು ಬೇಡವೆಂದರೂ ಇಲ್ಲಿಯ ಚಿಕಿತ್ಸೆಗೆ ಏನೂ ಕೊರತೆಯಾಗುವುದಿಲ್ಲ ಎಂದು ನಾನು ಎರಡು ಸಲ ಹೇಳಿದೆ. ಸೀಸದ ಮರೆ ಪ್ರಯೋಗಾಲಯದ ಉಪಕರಣ ಎಂದಷ್ಟೇ ಅವರಿಗೆ ತಿಳಿದಿತ್ತು.

ಮರುದಿನ ಶರ್ಮಿಳಾ ಒಬ್ಬಳೇ ಒಳಗೆ ಬಂದಳು. ನವೀನ್ ಹೊರಗಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ.

“ನಿನ್ನೆ ನೀವು ಸೊನ್ನೆ ಅಂದಿದ್ದರೆ ನಾನು ನಂಬ್ತಿರಲಿಲ್ಲ ಅಕ್ಕ,” ಎಂದಳು. ಮೇಡಂ ಹೋಗಿ ಅಕ್ಕ ಆಗಿತ್ತು. “ಮಗು ಇರಲಿ. ಸುರು ಮಾಡಿ. ಇವರಿಗೆ ಕೋಪ ಉಂಟು. ಒಪ್ಪಿದ್ದಾರೆ, ಕೋಪ ಉಂಟು.”

ಚಿಕಿತ್ಸೆ ಆರಂಭಿಸುವ ಮೊದಲು ರೆನಿಟಾ ತಂತ್ರಜ್ಞರನ್ನೆಲ್ಲ ಸೇರಿಸಿ ಅಭ್ಯಾಸ ಮಾಡಿಸಿದಳು. ತಾನೇ ರೋಗಿಯಾಗಿ ಮುಖವಾಡ ಹಾಕಿಸಿಕೊಂಡು ಮಲಗುವುದು, ಹೊರಗಿನಿಂದ ಒಬ್ಬರು ಕೂಗುವುದು, ಕಿರಣ ನಿಲ್ಲಿಸಿ ಒಳಗೆ ಓಡಿ ಬ್ರೇಕ್ ತೆಗೆದು ಮರೆಯನ್ನು ಹಿಂದಕ್ಕೆಳೆದು ಮುಖವಾಡ ಬಿಚ್ಚುವುದು. ಕೆಲವರಿಗೆ ಇದು ಅತಿಯಾಯಿತು ಅನಿಸಿತು. ನನ್ನ ತಲೆಯಲ್ಲಿ ಮುರಿದ ಪ್ಲೈವುಡ್ ಇತ್ತು, ನಾನು ಅಭ್ಯಾಸ ನಿಲ್ಲಿಸಲು ಬಿಡಲಿಲ್ಲ.

ಮೊದಲ ವಾರ ಸಲೀಸಾಗಿ ಸಾಗಿತು. ಎರಡನೆಯ ವಾರದ ಒಂದು ಬೆಳಿಗ್ಗೆ ಶರ್ಮಿಳಾ ಎಂದಿನಂತೆ ಮಲಗಿದಳು. ಮುಖವಾಡ ಬಿಗಿದು, ಮರೆ ನಿಲ್ಲಿಸಿ, ಎಲ್ಲರೂ ಹೊರಬಂದು ಬಾಗಿಲು ಮುಚ್ಚಿದೆವು. ಕಿರಣ ಆರಂಭವಾಗಿತ್ತು. ನಾನು ಪರದೆಯಲ್ಲಿ ಆಕೆಯ ಕೈಗಳನ್ನು ನೋಡುತ್ತಿದ್ದೆ. ಎಡಗೈಯ ಹೆಬ್ಬೆರಳು ತಾನಾಗಿಯೇ ಒಮ್ಮೆ ಅದುರಿತು. ಮತ್ತೊಮ್ಮೆ ಅದುರಿತು. ಆಮೇಲೆ ಇಡೀ ಮುಂಗೈ.

“ಫಿಟ್ಸ್! ಆಫ್ ಮಾಡಿ!”

ಕೂಗಿದ್ದು ನಾನೋ ರೆನಿಟಾಳೋ ಈಗಲೂ ಗೊತ್ತಿಲ್ಲ. ಕಿರಣ ನಿಂತಿತು. ಆದರೆ ಆ ಕೋಣೆಯ ಬಾಗಿಲು ಗೋಡೆಯಷ್ಟು ದಪ್ಪ, ತನ್ನದೇ ಗತಿಯಲ್ಲಿ ತೆರೆಯುತ್ತದೆ. ಅಷ್ಟೂ ಹೊತ್ತು ನಾವು ಪರದೆಯಲ್ಲಿ ನೋಡುತ್ತ ನಿಲ್ಲಬೇಕಾಯಿತು. ಆಕೆಯ ದೇಹ ಮಂಚದಿಂದ ಮೇಲೇಳಲು ಹವಣಿಸುತ್ತಿತ್ತು, ತಲೆಯನ್ನು ಮುಖವಾಡ ಬಿಡುತ್ತಿರಲಿಲ್ಲ. ಹೊಟ್ಟೆಗೂ ಸೀಸದ ಮರೆಗೂ ನಡುವೆ ಒಂದೇ ಗೇಣು. ಬಾಗಿಲು ಅರ್ಧ ತೆರೆಯುತ್ತಲೇ ಇಬ್ಬರು ತಂತ್ರಜ್ಞರು ನುಗ್ಗಿದರು. ಒಬ್ಬ ಬ್ರೇಕ್ ತುಳಿದು ಮರೆಯನ್ನು ಕಾಲಿನ ಕಡೆಗೆ ಎಳೆದ, ಇನ್ನೊಬ್ಬಾಕೆ ಮುಖವಾಡದ ಕೊಂಡಿ ಬಿಚ್ಚಿದಳು. ರೆನಿಟಾ ಆಕೆಯನ್ನು ಎಡಮಗ್ಗುಲಿಗೆ ಹೊರಳಿಸಿ ಹಿಡಿದಳು. ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಡಾ. ಕಾಮತ್ ಸಿರಿಂಜ್ ಹಿಡಿದು ಬರುವಷ್ಟರಲ್ಲಿ ಅಭ್ಯಾಸದಲ್ಲಿ ಮಾಡಿದ್ದೆಲ್ಲ ಮುಗಿದಿತ್ತು.

ಸೆಳೆತ ನಿಂತಿತು. ನಿಜವಾದ ಹೆದರಿಕೆ ಆಗ ಆರಂಭವಾಯಿತು. ಪ್ರಸೂತಿ ತಜ್ಞೆ ಬಂದು ಹೊಟ್ಟೆಯ ಮೇಲೆ ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಹುಡುಕಿದರು. ಒಂದು ಕಡೆ ಇಟ್ಟರು, ಬರೀ ಗೊರಗೊರ ಸದ್ದು. ಇನ್ನೊಂದು ಕಡೆ ಇಟ್ಟರು, ಆಗಲೂ ಅದೇ. ನವೀನ್ ಬಾಗಿಲ ಬಳಿ ಗೋಡೆ ಹಿಡಿದು ನಿಂತಿದ್ದ. ನಾನು ಅವನ ಮುಖ ನೋಡದೆ ನೆಲ ನೋಡಿದೆ. ಮೂರನೆಯ ಕಡೆ, ಬಲಕ್ಕೆ, ತೀರಾ ಕೆಳಗೆ, ಓಡುವ ಕುದುರೆಯ ಹಾಗೆ ಬಡಿತ ಕೇಳಿಸಿತು. ತಜ್ಞೆ ಧ್ವನಿ ಜೋರು ಮಾಡಿ ಕೋಣೆಗೆಲ್ಲ ಕೇಳಿಸಿದರು. ನವೀನ್ ಗೋಡೆ ಬಿಟ್ಟು ಮಂಚದ ಬಳಿಗೆ ಬಂದ.

ಆ ಬೆಳಿಗ್ಗೆ ವಾಂತಿಯಾಗಿ ಫಿಟ್ಸ್‌ನ ಮಾತ್ರೆ ಹೊರಬಂದಿತ್ತು. ಮತ್ತೆ ತೆಗೆದುಕೊಳ್ಳಬೇಕೆಂದು ಶರ್ಮಿಳಾಳಿಗೆ ತಿಳಿದಿರಲಿಲ್ಲ. ಅಂದಿನಿಂದ ಚಿಕಿತ್ಸೆಗೆ ಮೊದಲು ಎಲ್ಲರಲ್ಲೂ ಅದನ್ನು ಕೇಳುವ ಪದ್ಧತಿ ನಮ್ಮಲ್ಲಿ ಬಂತು. ಮರುದಿನ ಆಕೆ ಬರುತ್ತಾಳೋ ಇಲ್ಲವೋ ಎಂದು ನಮಗೆ ಅನುಮಾನವಿತ್ತು. ಬಂದಳು. ಅವತ್ತು ನವೀನ್ ಡ್ಯೂಟಿಗೆ ರಜೆ ಹಾಕಿ ಜೊತೆಗೇ ಬಂದಿದ್ದ. ಪರದೆಯ ಮುಂದೆ ನಮ್ಮೊಡನೆ ಕೂರಲು ಬಿಡುತ್ತೀರಾ ಎಂದು ಕೇಳಿದ. ಬಿಟ್ಟೆವು. ಕೊನೆಯ ದಿನದವರೆಗೂ ಅವನ ಕಣ್ಣು ಆಕೆಯ ಎಡಗೈಯ ಮೇಲಿತ್ತು.

ವಾರಕ್ಕೊಮ್ಮೆ ಆಕೆಯ ಹೊಟ್ಟೆಯ ಮೇಲೆ ಹರಳುಗಳನ್ನಿಟ್ಟು ಅಳೆಯುತ್ತಿದ್ದೆವು. ಗೊಂಬೆಯ ಮೇಲೆ ಅಳೆದದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಆರು ವಾರಗಳ ಚಿಕಿತ್ಸೆ ಮುಗಿದು, ಎಂಟನೆಯ ತಿಂಗಳು ತುಂಬಿದ ಮೇಲೆ ಸಿಸೇರಿಯನ್ ಮಾಡಿದರು. ಹೆಣ್ಣುಮಗು. ತೂಕ ಕಡಿಮೆ, ಅಳು ಜೋರು. ಶರ್ಮಿಳಾ ಆಮೇಲೆ ಮಾತ್ರೆಯ ಕೀಮೋಥೆರಪಿ ಮುಗಿಸಿದಳು. ಗಡ್ಡೆ ಪೂರ್ತಿ ಹೋಗಿಲ್ಲ, ಬೆಳೆದೂ ಇಲ್ಲ. ಇಂಥ ಕಾಯಿಲೆಯಲ್ಲಿ ಮುಂದಿನದನ್ನು ನಾವು ಹೇಳುವುದಿಲ್ಲ. ಪ್ರತಿ ಸ್ಕ್ಯಾನ್‌ನ ದಿನ ಅವಳ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲವಂತೆ.

ಹಾಜಿಯವರಿಗೆ ವಿಷಯ ತಿಳಿಸಲು ರೆನಿಟಾಳನ್ನು ಕರೆದುಕೊಂಡು ಕಾಪುವಿಗೆ ಹೋದೆ. ಅಳತೆಯ ಕೋಷ್ಟಕವನ್ನು ಅರ್ಥವಾಗದಿದ್ದರೂ ಪೂರ್ತಿ ನೋಡಿದರು. ಹೆಜಮಾಡಿಯ ಅಕ್ಕನ ಬಗ್ಗೆ ಕೇಳಬೇಕೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದಂತೆ ಅವರೇ ಹೇಳಿದರು: “ಹೋಗಿ ಎಲ್ಲ ಹೇಳಿ ಬಂದೆ. ಕೇಳಿದಳು. ಮಾತಾಡಲಿಲ್ಲ. ಪರವಾಗಿಲ್ಲ, ಬಾಗಿಲು ತೆರೆದಳಲ್ಲ.” ಮೊಮ್ಮಗ ಬೇರೆ ಕಡೆ ಚಿಕಿತ್ಸೆ ಪಡೆದು ಗುಣವಾಗುತ್ತಿದ್ದಾನೆಂದೂ ತಿಳಿಸಿದರು. ಸೀಸದ ಮರೆಯ ನಕ್ಷೆಯನ್ನು ಈವರೆಗೆ ಬೇರೆ ಊರುಗಳ ಆಸ್ಪತ್ರೆಗಳೂ ಒಯ್ದಿವೆ. ಯಾವುದರ ಮೇಲೂ ಹಾಜಿಯವರ ಹೆಸರಿಲ್ಲ.

ನಾನು ನಿವೃತ್ತಳಾಗುವ ಕೆಲವು ದಿನ ಮೊದಲು ಶರ್ಮಿಳಾ ಸ್ಕ್ಯಾನ್‌ಗೆ ಬಂದವಳು ಮಗುವನ್ನೂ ಕರೆತಂದಿದ್ದಳು. ಮಗು ನನ್ನ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಬಿಡಿಸುವುದರಲ್ಲಿ ಮುಳುಗಿತ್ತು. ಶರ್ಮಿಳಾ ಸ್ವಲ್ಪ ಹೊತ್ತು ಅದನ್ನೇ ನೋಡಿ ಮೆಲ್ಲಗೆ ಹೇಳಿದಳು:

“ಇವಳು ದೊಡ್ಡವಳಾಗಿ ಕೇಳ್ತಾಳಲ್ಲ ಅಕ್ಕ, ನನಗೆ ಎಷ್ಟು ಬಿತ್ತು ಅಂತ. ಅಷ್ಟೊತ್ತಿಗೆ ನಾನು ಇರ್ತೇನೋ ಇಲ್ವೋ. ನಿಮ್ಮ ಹತ್ತಿರ ಕಳಿಸಲಿಕ್ಕೆ ಹೇಳಿದ್ದೇನೆ ಇವರ ಹತ್ತಿರ. ನೀವು ಸರಿಯಾಗಿ ಹೇಳಿ ಆಯ್ತಾ.”

ಕೆಲವೇ ದಿನಗಳಲ್ಲಿ ನಾನು ಇಲ್ಲಿರುವುದಿಲ್ಲ ಎಂದು ಆಕೆಗೆ ತಿಳಿದಿರಲಿಲ್ಲ. ಮಗು ಆ ಪ್ರಶ್ನೆ ಕೇಳುವ ಹೊತ್ತಿಗೆ ನಾನು ಎಲ್ಲಿಯೂ ಇಲ್ಲದಿರಬಹುದು. ಎದ್ದು ಪಕ್ಕದ ಕೋಣೆಯ ಬಾಗಿಲು ತಟ್ಟಿದೆ. ಪಿ.ಎಚ್‌ಡಿ. ಮುಗಿಸಿ ನನ್ನ ಜಾಗಕ್ಕೆ ಬರಲಿದ್ದ ರೆನಿಟಾ ಒಳಗೆ ನಾಲ್ವರು ಹೊಸ ವಿದ್ಯಾರ್ಥಿಗಳಿಗೆ ಹರಳು ಅಳೆಯುವುದನ್ನು ತೋರಿಸುತ್ತಿದ್ದಳು. ಅವಳನ್ನು ಕರೆದು ಮಗುವಿನ ಎದುರು ಕೂರಿಸಿದೆ.

“ಇವರ ಹತ್ತಿರ ಕೇಳಲಿ,” ಎಂದೆ ಶರ್ಮಿಳಾಳಿಗೆ. “ಇವರಿಗೆ ಎಲ್ಲ ಗೊತ್ತುಂಟು. ಇವರು ಇಲ್ಲದಿದ್ದರೆ ಇವರು ಕಲಿಸಿದವರು ಇರ್ತಾರೆ.”

ವಿಕಿರಣದ ಕೆಲಸದಲ್ಲಿ ಇವತ್ತು ಮಾಡಿದ್ದರ ಪೂರ್ತಿ ಉತ್ತರ ಸಿಗಲು ಮೂವತ್ತು, ನಲವತ್ತು ವರ್ಷ ಬೇಕು. ಅಳೆದವರ ಆಯುಷ್ಯ ಅಷ್ಟು ಉದ್ದ ಇರಬೇಕೆಂದಿಲ್ಲ. ಆದ್ದರಿಂದ ಸರಿಯಾಗಿ ಅಳೆಯುವುದು ನಮ್ಮ ಅರ್ಧ ಕೆಲಸ ಮಾತ್ರ. ಉತ್ತರ ಕೇಳಿಕೊಂಡು ಬರುವವರಿಗೆ ನಿಜ ಹೇಳಬಲ್ಲ ಒಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿ ಹೋಗುವುದು ಉಳಿದರ್ಧ.